ದೋಣಿಯ ಹೊಟ್ಟೆ ಒಣಗಿರಲಿ

ರೇಸಿನ ಹಾಯಿದೋಣಿ ಕೊಂಡವರು ಮೊದಲು ಹೊಸ ಹಾಯಿಗೆ ದುಡ್ಡು ಸುರಿಯುತ್ತಾರೆ. ಕೊಡಗಿನಲ್ಲಿ ಅದು ಆಮೇಲಿನ ಮಾತು. ಇಲ್ಲಿ ದೋಣಿಯ ಓಟ ಕೆಡಿಸುವುದು ತೇವ. ಒಬ್ಬರೇ ಓಡಿಸುವ ಲೇಸರ್ ದೋಣಿಯನ್ನೇ ನೋಡಿ. ಈಗ ಅದರ ಹೆಸರು ಐಎಲ್‌ಸಿಎ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ವಿಷ್ಣು ಸರವಣನ್ ಕಂಚು ಗೆದ್ದದ್ದು ಇದರಲ್ಲೇ. ಉದ್ದ 4.2 ಮೀಟರ್, ಬರೀ ಒಡಲಿನ ತೂಕ ಸುಮಾರು 59 ಕೆ.ಜಿ. ಟೊಳ್ಳು ಒಡಲೊಳಗೆ 5 ಲೀಟರ್ ನೀರು ಸೇರಿದರೆ 5 ಕೆ.ಜಿ. ದಂಡದ ಭಾರ.

ಸೋರಿಕೆ ಹುಡುಕುವುದು

ಹಿಂಭಾಗದ ಡ್ರೈನ್ ಪ್ಲಗ್ ಬಿಚ್ಚಿ, ಮುಂಭಾಗ ಎತ್ತಿ, ನೀರೆಲ್ಲ ಬಸಿಯಿರಿ. ಡೆಕ್ಕು (ದೋಣಿಯ ಮೇಲ್ಭಾಗ) ಮತ್ತು ಒಡಲು ಸೇರುವ ಅಂಚಿಗೆ, ಸ್ಕ್ರೂ ಇರುವ ಕಡೆಗೆಲ್ಲ ಬ್ರಷ್ಷಿನಿಂದ ಸೋಪಿನ ನೀರು ಬಳಿಯಿರಿ. ಕಾಲಿಳಿಬಿಟ್ಟು ಕೂರುವ ತಗ್ಗಿನ, ಅಂದರೆ ಕಾಕ್‌ಪಿಟ್‌ನ, ಮುಂದಿನ ಗೋಡೆಯಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಟೇಪ್ ಅಂಟಿಸಿ, ಪ್ಲಗ್ಗಿನ ತೂತಿನಿಂದ ಬಾಯಲ್ಲೇ ಊದಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ, ಜೋಡಣೆಯೇ ಬಿಟ್ಟುಕೊಳ್ಳುತ್ತದೆ. ಸೋರುವ ಸ್ಕ್ರೂ ಬಿಚ್ಚಿ, ಒಣಗಿಸಿ, ದೋಣಿಗೆಂದೇ ಸಿಗುವ ಸೀಲೆಂಟ್ ಹಾಕಿ ಮತ್ತೆ ಬಿಗಿಯಿರಿ. ಟೇಪ್ ತೆಗೆಯಲು ಮರೆಯಬೇಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೆ ದಾರಿ ಬೇಕು.

ಮಾಸ್ಟ್ (ಹಾಯಿ ಹೊರುವ ಕಂಬ) ಕೂರುವ ಗುಂಡಿಯನ್ನು ಬೇರೆಯಾಗಿ ನೋಡಬೇಕು. ನೀರು ತುಂಬಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ದೋಣಿಯನ್ನು ನೀರಿಗೆ ಇಳಿಸಲೇಬೇಡಿ. ಹಾಯಿಗೆ ಬೀಳುವ ಗಾಳಿಯ ಹೊಡೆತವನ್ನೆಲ್ಲ ತಡೆಯುವುದು ಅದೇ ಜಾಗ. ಒಳಗೆ ಬಿರುಕಿದ್ದರೆ ಮಾಸ್ಟು ಡೆಕ್ಕನ್ನೇ ಕಿತ್ತುಕೊಂಡು ಬಿದ್ದೀತು. ಇದು ಫೈಬರ್ ಕೆಲಸ ಬಲ್ಲವರ ಪಾಲಿಗಿರಲಿ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಶೆಡ್ಡಿನಲ್ಲಿರಲಿ. ಮಗುಚಿ, ಎರಡೂ ಬದಿಯ ಅಂಚಿನ ಮೇಲೆ ಭಾರ ಬೀಳುವಂತೆ ಮರದ ತುಂಡುಗಳ ಮೇಲಿಡಿ. ಪ್ಲಗ್ ತೆಗೆದೇ ಇರಲಿ. ಟಾರ್ಪಾಲನ್ನು ಮೈಗೆ ಬಿಗಿಯಾಗಿ ಸುತ್ತಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಸಿಲ್ವರ್ ಓಕ್ ಕೆಳಗಂತೂ ಇಡಬೇಡಿ. ಗಾಳಿಗೆ ಅದರ ಕೊಂಬೆ ಹೇಗೆ ಮುರಿಯುತ್ತದೆಂದು ತೋಟದವರಿಗೆ ಹೇಳಬೇಕಿಲ್ಲ, ಅಲ್ವಾ?

ಕಾಫಿ ಕಣ ಖಾಲಿಯಿದ್ದಾಗ ಚೆನ್ನಾಗಿ ಗುಡಿಸಿ, ಹಾಯಿ ಹಾಸಿ ತಣ್ಣೀರಲ್ಲಿ ತೊಳೆಯಿರಿ. ಒಣಗಿಸುವುದು ನೆರಳಲ್ಲಿ. ಮಡಚದೆ ಚಾಪೆಯಂತೆ ಸುತ್ತಿಡಿ. ಒದ್ದೆಯಿರುವಾಗಲೇ ಚೀಲಕ್ಕೆ ತುರುಕಿದರೆ ಕಪ್ಪು ಚುಕ್ಕೆ ಬೀಳುತ್ತದೆ, ಆಮೇಲೆ ತೆಗೆಯುವುದು ಕಷ್ಟ. ಅಟ್ಟದಲ್ಲಿ ಇಲಿಯಿದ್ದರೆ ಬೇರೆ ಜಾಗ ಹುಡುಕಿ.

ನೀರಿಗಿಳಿದ ಮೇಲೆ

ಹಾರಂಗಿಯಂಥ ಜಲಾಶಯಕ್ಕೆ ನೀರಾವರಿ ನಿಗಮದ ಒಪ್ಪಿಗೆಯಿಲ್ಲದೆ ಇಳಿಯಬೇಡಿ. ಅಣೆಕಟ್ಟಿನ ಕ್ರೆಸ್ಟ್ ಗೇಟ್ ತೆರೆದಿರುವಾಗ ಒಪ್ಪಿಗೆ ಇದ್ದರೂ ಬೇಡ. ಮಳೆ ನಿಂತ ಮೇಲಿನ ತಿಂಗಳುಗಳೇ ಒಳ್ಳೆಯವು. ಬೇಸಿಗೆಯಲ್ಲಿ ನೀರು ಇಳಿದಾಗ ಕೊರಡು, ಬಂಡೆಗೆ ಡ್ಯಾಗರ್‌ಬೋರ್ಡ್ (ದೋಣಿಯಡಿ ನೀರಿಗೆ ಇಳಿಬಿಡುವ ಹಲಗೆ) ಬಡಿಯುತ್ತದೆ. ಕಾಫಿ ಹೂವರಳಿಸುವ ಹೂಮಳೆಯ ದಿನಗಳಲ್ಲಿ ಗುಡುಗು ಕೇಳಿದ ಕೂಡಲೇ ದಡಕ್ಕೆ ಬನ್ನಿ. ಅಲ್ಯೂಮಿನಿಯಂ ಮಾಸ್ಟ್ ಹಿಡಿದು ಬಟಾಬಯಲಿನಲ್ಲಿ ಕೂತಿರುತ್ತೀರಿ.

ಹೊರಡುವ ಮೊದಲು ಲೈಫ್ ಜಾಕೆಟ್ ತೊಡಿ, ಚುಕ್ಕಾಣಿಯ ಕ್ಲಿಪ್ ಕೂತಿದೆಯೇ ನೋಡಿ, ಮಾಸ್ಟನ್ನು ಡೆಕ್ಕಿಗೆ ಹಗ್ಗದಿಂದ ಕಟ್ಟಿ. ಇಲ್ಲದಿದ್ದರೆ ದೋಣಿ ಮಗುಚಿದಾಗ ಚುಕ್ಕಾಣಿ, ಮಾಸ್ಟ್ ಎರಡೂ ಕಳಚಿಕೊಳ್ಳಬಹುದು.

ಗುಡ್ಡ ಸುತ್ತಿ ಬರುವ ಗಾಳಿ ಒಂದೇ ಸಮ ಬೀಸುವುದಿಲ್ಲ. ಹಾಯಿಯನ್ನೇ ದಿಟ್ಟಿಸುತ್ತಾ ಕೂರಬೇಡಿ, ಗಾಳಿ ಬರುವ ದಿಕ್ಕಿನ ನೀರು ನೋಡಿ. ಅಲ್ಲಿ ಕಪ್ಪಗೆ ನಿರಿಗೆಯೆದ್ದರೆ ಬೀಸು ಬರುತ್ತಿದೆ ಎಂದರ್ಥ. ಅದು ತಲುಪುವ ಹೊತ್ತಿಗೆ ಮೈಯನ್ನು ಹೊರಕ್ಕೆ ಚಾಚಿ, ಮೇನ್‌ಶೀಟ್ (ಹಾಯಿ ಎಳೆದು ಹಿಡಿಯುವ ಹಗ್ಗ) ಸ್ವಲ್ಪ ಸಡಿಲಿಸಿ. ದೋಣಿ ನೆಟ್ಟಗಾದಂತೆ ಮತ್ತೆ ಎಳೆದುಕೊಳ್ಳಿ. ವಾಲಿಕೊಂಡು ಓಡುವ ದೋಣಿ ನೋಡಲು ಚೆಂದ, ಆದರೆ ನಿಧಾನ. ಗಾಳಿಗೆ ಎದುರಾಗಿ ಹೋಗುವಾಗ ಗಾಳಿ ತಿರುಗಿ ಮೂತಿಯನ್ನು ಗುರಿಯಿಂದ ಆಚೆ ತಳ್ಳಿದರೆ, ಆಗಲೇ ಟ್ಯಾಕ್ ಮಾಡಿ, ಅಂದರೆ ಮೂತಿಯನ್ನು ಗಾಳಿಯ ಎದುರಿನಿಂದ ದಾಟಿಸಿ ಹಾಯಿಯನ್ನು ಇನ್ನೊಂದು ಬದಿಗೆ ತನ್ನಿ. ಅಷ್ಟು ದಾರಿ ಉಳಿಯುತ್ತದೆ. ಗಾಳಿ ತೀರ ಕಡಿಮೆಯಿದ್ದರೆ ಮುಂದಕ್ಕೆ ಸರಿದು ಕೂತು, ಸುಮ್ನೆ ಅಲ್ಲಾಡದಿರಿ.

ಮಗುಚಿದರೆ ದೋಣಿ ಬಿಟ್ಟು ಈಜಬೇಡಿ. ಮೇನ್‌ಶೀಟ್ ಸಡಿಲಿಸಿ, ಡ್ಯಾಗರ್‌ಬೋರ್ಡ್ ಮೇಲೆ ಭಾರ ಹಾಕಿ ಎಬ್ಬಿಸಿ. ದಡಕ್ಕೆ ಬಂದಮೇಲೆ ಪುಲ್ಲಿ, ಹಗ್ಗ ಕಚ್ಚಿ ಹಿಡಿಯುವ ಕ್ಲೀಟುಗಳ ಕೆಸರು ತೊಳೆದು, ಪ್ಲಗ್ ಬಿಚ್ಚಿ ಎಷ್ಟು ನೀರು ಬಂತೆಂದು ಮಗ್ಗಿನಲ್ಲಿ ಅಳೆಯಿರಿ. ಪ್ರತಿಸಲ ಜಾಸ್ತಿಯಾಗುತ್ತಿದ್ದರೆ ಮತ್ತೆ ಸೋಪಿನ ನೀರು ಕಲಸಿ.