ನರಿಯ ಕಥೆಯಲ್ಲಿ ಹುಲಿ ಬಂದ ದಿನ

ಆ ಹುಡುಗ ನನ್ನ ಮೂರನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ. ಒತ್ತಕ್ಷರ ಬಂದರೂ ತಡವರಿಸುತ್ತಿರಲಿಲ್ಲ. ಒಂದು ದಿನ ಕೋಳಿ ಕದಿಯಲು ಹೋದ ನರಿಯ ಕಥೆ ಓದಿಸಿದೆ. ಚಿತ್ರ ಇಲ್ಲದೆ ಬರೀ ಅಕ್ಷರ ಇದ್ದ ಜೆರಾಕ್ಸ್ ಪ್ರತಿ ಅದು. ಓದಿ ಮುಗಿದ ಮೇಲೆ "ನಿನಗೆ ಇಷ್ಟವಾದ ಜಾಗದ ಚಿತ್ರ ಬಿಡಿಸು" ಎಂದೆ. ಕೋಳಿಗೂಡಿನ ಪಕ್ಕದಲ್ಲಿ ದೊಡ್ಡ ಹುಲಿ ಬಿಡಿಸಿ ತಂದ. ಮೈತುಂಬ ಪಟ್ಟೆ.

ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. "ಇದು ನರಿ ಅಲ್ವಾ ಟೀಚರ್?" ಎಂದ. ಅವನ ಮನೆಮಾತು ಮಲಯಾಳ. ನಮ್ಮ ಕಾಸರಗೋಡಿನ ಕಡೆಯ ಮಲಯಾಳದಲ್ಲಿ ನರಿ ಅಂದರೆ ಹುಲಿ. ಕನ್ನಡದ ನರಿ ಅವರಿಗೆ ಕುರುಕ್ಕನ್. ಪಾಪ, ಇಡೀ ಕಥೆಯನ್ನು ಹುಲಿ ಇಟ್ಟುಕೊಂಡೇ ಓದಿದ್ದ. ಮುದುಕಿ ಪೊರಕೆ ಎತ್ತಿದ ತಕ್ಷಣ ಹುಲಿ ಯಾಕೆ ಓಡಿಹೋಯಿತು ಅಂತ ಅನುಮಾನ ಬಂದಿತ್ತಂತೆ. "ಮತ್ತೆ ಕೇಳಬಾರದಿತ್ತಾ?" ಎಂದೆ. "ಪುಸ್ತಕದಲ್ಲಿ ಹಾಗೇ ಇತ್ತಲ್ಲ" ಎಂದ.

ಒಂದು ಪದದ ಅರ್ಥ ಗೊತ್ತಿಲ್ಲದ್ದು ದೊಡ್ಡ ವಿಷಯ ಅಲ್ಲ, ಹೇಳಿಕೊಟ್ಟರೆ ಮುಗಿಯಿತು. ಎಲ್ಲೋ ತಪ್ಪಿದೆ ಅಂತ ಅನಿಸಿದರೂ ಆ ಮಗು ನಿಲ್ಲಲಿಲ್ಲ. ನನ್ನ ತಲೆ ತಿಂದದ್ದು ಅದು.

ಮರುದಿನ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ. "ಟಿಂಬು ಗೋಳಕಿಯನ್ನು ಸಂಜೆ ಲಟಪಿಸಿತು." ಟಿಂಬು ಯಾರನ್ನು ಲಟಪಿಸಿತು? ಹದಿನೇಳು ಮಕ್ಕಳ ಕೈಯೂ ಮೇಲೆ. ಗೋಳಕಿಯನ್ನು! ಯಾವಾಗ ಲಟಪಿಸಿತು? ಸಂಜೆ! ಎಲ್ಲರಿಗೂ ಪೂರ್ತಿ ಮಾರ್ಕು. ಆಮೇಲೆ "ಲಟಪಿಸುವುದು ಅಂದರೆ ಏನು?" ಎಂದು ಕೇಳಿದೆ. ಎರಡು ನಿಮಿಷ ಕ್ಲಾಸು ತಣ್ಣಗಾಯಿತು. ಹಿಂದಿನ ಬೆಂಚಿನವಳೊಬ್ಬಳು ನಕ್ಕಳು, ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುರುಕ್ ಅಂದಿತು. ಅಷ್ಟು ವರ್ಷ ನಾನು ಕೇಳಿದ ಪ್ರಶ್ನೆಗಳೆಲ್ಲ ಇದೇ ಜಾತಿಯವು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಆ ಸಾಲನ್ನು ನಕಲು ಮಾಡು.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಇದನ್ನು ಲೆಕ್ಕದ ಹಾಗೆ ಹೇಳಿದ್ದಾರೆ. ಅರ್ಥವಾಗುವ ಓದು ಅಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಕನ್ನಡ ಬರೆದ ಹಾಗೇ ಓದುವ ಭಾಷೆ. ಮಕ್ಕಳು ಅಕ್ಷರ ಬಿಡಿಸಲು ಕಲಿತರೆ ಮುಗಿಯಿತು, ಏನು ಕೊಟ್ಟರೂ ಓದುತ್ತಾರೆ. ಹಾಗಾಗಿ ಇನ್ನೊಂದು ಕಡೆ ಸೊನ್ನೆ ಇದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ. ಕನ್ನಡ ಮಾಧ್ಯಮ. ಮಕ್ಕಳ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ. ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಇಲ್ಲ, ಹವ್ಯಕರ ಮನೆಯಲ್ಲೂ ಇಲ್ಲ.

ಹೇಗೆ ಶುರು ಮಾಡುವುದು ಅಂತ ನನಗೆ ಹೊಳೆದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಕುಚ್ಚಲಕ್ಕಿ ಅನ್ನದಲ್ಲಿ ಒಬ್ಬನಿಗೆ ಕಲ್ಲು ಸಿಕ್ಕಿತು. ಕಟ್ ಎಂದ ಕೂಡಲೇ ಅವನ ಬಾಯಿ ನಿಂತಿತು. ಓದುವಾಗಲೂ ಹೀಗೆ ನಿಲ್ಲಬೇಕಲ್ವಾ? ಪ್ರತಿ ಮಗುವಿಗೂ ಐದೈದು ಹುಣಸೆ ಬೀಜ ಕೊಟ್ಟೆ. ಕಥೆ ಓದುವಾಗ ಎಲ್ಲಿ "ಕಲ್ಲು" ಸಿಗುತ್ತದೋ ಆ ಸಾಲಿನ ಮೇಲೆ ಒಂದು ಬೀಜ ಇಡಬೇಕು.

ಮೊದಲ ಮೂರು ದಿನ ಯಾರೂ ಒಂದು ಬೀಜವನ್ನೂ ಇಡಲಿಲ್ಲ. ಗೊತ್ತಿಲ್ಲ ಅಂದರೆ ಬೈಗುಳ ಅಂತ ಮಕ್ಕಳಿಗೆ ಎರಡು ವರ್ಷದಿಂದ ಅಭ್ಯಾಸವಾಗಿದೆ. ಹಾಗಾಗಿ ನಾನೇ ಗಟ್ಟಿಯಾಗಿ ಓದಿ ನಾನೇ ಎಡವತೊಡಗಿದೆ. "'ಅಜ್ಜಿ ಒಲೆಯ ಮುಂದೆ ಕೂತು ಕೊಡೆ ಒಣಗಿಸಿದಳು.' ತಡೆಯಿರಿ. ಕೊಡೆ ಯಾಕೆ ಒಲೆಯ ಮುಂದೆ? ಮಳೆ ಬಂತು ಅಂತ ಎಲ್ಲೂ ಬರೆದಿಲ್ಲವಲ್ಲ." ಸಾಲಿನ ಮೇಲೆ ಬೀಜ ಇಟ್ಟೆ. ಒಂದು ಸಾಲು ಹಿಂದೆ ಹೋದೆ, ಚಿತ್ರ ನೋಡಿದೆ. ಬಾಗಿಲ ಹತ್ತಿರ ಕೆಸರಿನ ಹೆಜ್ಜೆ ಇತ್ತು. "ಬರ್ಸ ಬತ್ತ್ಂಡ್ ಟೀಚರ್!" ಎಂದು ತುಳುವಿನಲ್ಲಿ ಕೂಗಿದರು. ಬರೆಯದ ಮಳೆಯನ್ನು ಅವರೇ ಓದಿದ್ದರು.

ನಾಲ್ಕನೇ ದಿನ ಎಲ್ಲ ಸಾಲಿನ ಮೇಲೂ ಬೀಜ. ಆಟ! ಆಗ ಒಂದು ನಿಯಮ ಮಾಡಿದೆ. ಬೀಜ ಇಟ್ಟವರು "ನಾನು ಹೀಗೆ ಅಂದುಕೊಂಡೆ, ಆದರೆ ಇಲ್ಲಿ ಹೀಗಿದೆ" ಅಂತ ಹೇಳಲೇಬೇಕು. ಅದರಿಂದ ಗಲಾಟೆ ಕಡಿಮೆಯಾಯಿತು. ಒಳ್ಳೆಯ ಕಲ್ಲುಗಳು ಸಿಗತೊಡಗಿದ್ದೂ ಆಮೇಲೆಯೇ.

"ರೈಲು ಸುರಂಗದೊಳಗೆ ಹೋಯಿತು" ಎಂಬ ಸಾಲಿನ ಮೇಲೆ ಆರು ಬೀಜ ಬಿತ್ತು. ನಮ್ಮ ಊರಿನಲ್ಲಿ ಸುರಂಗ ಅಂದರೆ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಸರುವ ನೀರನ್ನು ತೋಟಕ್ಕೆ ಬಿಡುವ ದಾರಿ ಅದು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟೇ ಜಾಗ. ಅದರೊಳಗೆ ರೈಲು ನುಗ್ಗಿದರೆ ಹೇಗೆ? ಇನ್ನೊಂದು ಕಥೆಯಲ್ಲಿ ಕೆರೆಯ ಮೇಲೆ ದೋಣಿ ಹೋಗುತ್ತಿತ್ತು. ನಮ್ಮ ಮಕ್ಕಳ ಕೆರೆ ಅಡಿಕೆ ತೋಟದ ಮೂಲೆಯಲ್ಲಿರುವ ನೀರಿನ ಗುಂಡಿ. ದೋಣಿ ತಿರುಗಿಸಲು ಜಾಗ ಎಲ್ಲಿ ಅಂತ ಕೇಳಿದರು. ಇವರು ಪದ ಗೊತ್ತಿಲ್ಲದ ಮಕ್ಕಳಲ್ಲ. ಪದ ಗೊತ್ತು, ಬೇರೆ ಥರ ಗೊತ್ತು. "ಪಟ್ಟಿ ಮಾಡಿ" ಅಂದರೆ ಮಲಯಾಳದ ಮನೆಯ ಮಕ್ಕಳು ಈಗಲೂ ಕಿಸಕ್ಕನೆ ನಗುತ್ತಾರೆ, ಅವರಿಗೆ ಪಟ್ಟಿ ಅಂದರೆ ನಾಯಿ. "ತನ್ನ ಪಾಲು ಕೊಟ್ಟ" ಅಂದರೆ ಹಾಲು ಕೊಟ್ಟ ಅಂತ ಅರ್ಥ ಮಾಡಿಕೊಂಡವಳೂ ಇದ್ದಾಳೆ. ಇಂಥ ಪದಗಳಿಗೆ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದೇನೆ. ಹೆಸರು "ಮೋಸದ ಪದಗಳು". ಮೊದಲನೆಯದು ನರಿ.

ಕಥೆಯನ್ನು ಮರಳಿ ಹೇಳುವಾಗ ಯಾವ ಮಾತಾದರೂ ಸರಿ ಎಂದೆ. ಕನ್ನಡದಲ್ಲಿ ಹೇಳು ಅಂದರೆ "ನರಿಗೆ ಹೆದರಿಕೆ ಆಯಿತು" ಎಂದು ಒಂದೇ ಸಾಲಿಗೆ ನಿಲ್ಲುತ್ತಿದ್ದವಳು ತುಳುವಿನಲ್ಲಿ "ಅಯಿಕ್ ಪೋಡಿಗೆ ಆಂಡ್" ಎಂದು ಶುರು ಮಾಡಿ ಐದು ನಿಮಿಷ ಮಾತಾಡಿದಳು. ಕಥೆ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಕನ್ನಡದಲ್ಲಿ ಮಾತ್ರ ಕೇಳಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅದೇ ಕಥೆಯನ್ನು ಎರಡನೇ ಸಲ ಕನ್ನಡದಲ್ಲಿ ಹೇಳಿಸುತ್ತೇನೆ. ಆಗ ಪದ ಮಾತ್ರ ಹುಡುಕಿದರೆ ಸಾಕು, ಕಥೆ ಹುಡುಕಬೇಕಾಗಿಲ್ಲ.

ಶಾಲೆಗೆ ಬಂದ ಒಬ್ಬರು ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡರು. ಕನ್ನಡದ ಪೀರಿಯಡ್ಡಿನಲ್ಲಿ ಮಲಯಾಳ ಯಾಕೆ? ಅವರ ಸಂಕಟ ನನಗೆ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಇಲ್ಲಿ ಕನ್ನಡದ ಶಾಲೆ ನಡೆಸುವುದೇ ಒಂದು ಹಟ. ಆದರೆ ಕನ್ನಡದಲ್ಲಿ ಸುಮ್ನೆ ಕೂರುವ ಮಗುವಿನಿಂದ ಕನ್ನಡ ಉಳಿಯುತ್ತದೆ ಅಂತ ನನಗೆ ಅನಿಸುವುದಿಲ್ಲ. ಅವರು ಒಪ್ಪಲಿಲ್ಲ. ಚಹಾ ಕುಡಿದು ಹೋದರು.

ಪುಸ್ತಕದ ಮಾತು ಹೇಳಲೇಬೇಕು. ನಮ್ಮ ಲೈಬ್ರರಿ ಕಪಾಟಿನಲ್ಲಿ ಮಲಯಾಳದ ಮಕ್ಕಳ ಪುಸ್ತಕವೇ ಜಾಸ್ತಿ. ಕನ್ನಡದ್ದು ಬೇಕಾದರೆ ಮಂಗಳೂರಿಗೆ ಹೋದಾಗ ನಾವೇ ತರಬೇಕು. ನನ್ನ ಕೈ ಹಿಡಿದದ್ದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆಯಬಹುದು, ಬೇರೆ ಭಾಷೆಗೂ ಮಾಡಿಕೊಳ್ಳಬಹುದು. ಕಥೆಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರೆ. ಮೂರನೇ ಕ್ಲಾಸು ಅಂತ ಮೂರನೇ ಹಂತದ ಪುಸ್ತಕ ಕೊಟ್ಟು ನಾನು ಕೈ ಸುಟ್ಟುಕೊಂಡೆ. ಈಗ ಬೀಜವೇ ಅಳತೆ. ಒಂದು ಪುಟಕ್ಕೇ ಐದೂ ಬೀಜ ಖರ್ಚಾದರೆ ಆ ಪುಸ್ತಕ ಮಗು ಓದಲಿಕ್ಕಲ್ಲ, ನಾನು ಓದಿ ಹೇಳಲಿಕ್ಕೆ.

ಇನ್ನೊಂದು ತಪ್ಪೂ ಮಾಡಿದೆ. ಬೀಜ ಫಲಿಸಿದ ಖುಷಿಯಲ್ಲಿ ಪುಟಕ್ಕೆ ನಾಲ್ಕು ಪ್ರಶ್ನೆ ಕೇಳತೊಡಗಿದೆ. ಮುಂದೆ ಏನಾಗಬಹುದು? ಅವನಿಗೆ ಹೇಗನಿಸಿತು? ನೀನಾಗಿದ್ದರೆ? ಹದಿನಾರು ಪುಟದ ಪುಸ್ತಕಕ್ಕೆ ಮೂರು ದಿನ. "ಟೀಚರ್, ಒಮ್ಮೆ ಸುಮ್ನೆ ಓದಿ" ಎಂದು ಒಬ್ಬಳು ಬೇಡಿಕೊಂಡಳು. ಸರಿಯಾಗೇ ಹೇಳಿದಳು. ಈಗ ಮೊದಲ ಓದು ಪೂರ್ತಿ ಕಥೆಗೆ, ಮಧ್ಯೆ ಬಾಯಿ ಹಾಕುವುದಿಲ್ಲ. ಬೀಜ ಎರಡನೇ ಓದಿಗೆ. ಪ್ರಶ್ನೆ ಎರಡೇ. ಒಂದರ ಉತ್ತರ ಪುಸ್ತಕದಲ್ಲಿರಬೇಕು, ಇನ್ನೊಂದರದ್ದು ಅರ್ಧ ಪುಸ್ತಕದಲ್ಲಿ ಅರ್ಧ ತಲೆಯಲ್ಲಿ.

ಪರೀಕ್ಷೆಯ ಮಾರ್ಕು ಏನೂ ದಿಢೀರನೆ ಏರಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಬ್ಬರು ಇನ್ನೂ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಅವರಿಗೆ ಬೀಜದಿಂದ ಉಪಯೋಗ ಇಲ್ಲ, ಅವರ ಜೊತೆ ಬೇರೆ ಕೂತು ಕಾಗುಣಿತವನ್ನೇ ತಿದ್ದಬೇಕು.

ಜೂನ್ 19 ಇಲ್ಲಿ ವಾಚನಾ ದಿನ. ಕೇರಳದ ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಈ ಸಲ ಭಾಷಣ ಬೇಡ ಎಂದು ನಾಲ್ಕನೇ ಕ್ಲಾಸಿಗೆ ಹೋಗಿದ್ದ ನನ್ನ ಹಳೆಯ ಮಕ್ಕಳಿಂದ ಎರಡನೆಯವರಿಗೆ ಓದಿಸಿದೆ. ಹುಲಿ ಬಿಡಿಸಿದ್ದ ಹುಡುಗ ಒಂದು ಕೋಳಿಯ ಪುಸ್ತಕ ಆರಿಸಿಕೊಂಡ. ಏಳನೇ ಪುಟದಲ್ಲಿ ಗಕ್ಕನೆ ನಿಂತ. ಜೇಬಿನಿಂದ ಹುಣಸೆ ಬೀಜ ತೆಗೆದು ಇಟ್ಟ. "ಐದು ಮರಿ ಅಂತ ಬರೆದಿದ್ದಾರೆ. ನಾಲ್ಕೇ ಇದೆ. ಪುಸ್ತಕ ತಪ್ಪು ಟೀಚರ್." ಎಣಿಸಿದೆ. ನಾಲ್ಕೇ ಇತ್ತು. ಎರಡನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ಬಗ್ಗಿ ನೋಡಿ, ಇನ್ನೊಂದು ತಾಯಿಯ ರೆಕ್ಕೆಯ ಅಡಿಯಲ್ಲಿದೆ ಎಂದಳು. ಅವನು ಇಲ್ಲ ಎಂದ, ಅವಳು ಇದೆ ಎಂದಳು. ಅವನದು ಮಲಯಾಳ, ಅವಳದು ತುಳು. ಬೆಲ್ ಹೊಡೆದರೂ ಇಬ್ಬರೂ ಏಳಲಿಲ್ಲ.