ಕೈದಿಯ ಮುಖ ನೋಡದೆ ಅಪರಾಧಿ ಮನಸ್ಸಿನ ಮೇಲೆ ಪೇಪರ್ ಬರೆದೆ: ನನ್ನ ಅನುಭವ

"ಒಬ್ಬ ಕೈದಿಯನ್ನೂ ಮಾತಾಡಿಸದೆ ಕ್ರಿಮಿನಲ್ ಮೈಂಡ್ ಬಗ್ಗೆ ಏನು ಬರೀತೀಯಾ?" ಎರಡು ಸೆಮಿಸ್ಟರ್ ನನ್ನನ್ನು ಈ ಪ್ರಶ್ನೆ ಕೇಳದವರಿಲ್ಲ. ಗೈಡ್ ಮೊದಲ ಸಲ ಸಿನಾಪ್ಸಿಸ್ (ಪೇಪರ್ ಹೇಗಿರುತ್ತದೆ ಅನ್ನುವ ರೂಪುರೇಷೆ) ವಾಪಸ್ ಕೊಟ್ಟಿದ್ದೂ ಇದೇ ಕಾರಣಕ್ಕೆ. ಕೈದಿಗಳ ಬದಲು ಕೋರ್ಟ್ ತೀರ್ಪುಗಳನ್ನು ಓದಿ ಬರೆದ ಆ ಪೇಪರ್ ಈಗ ಪಾಸಾಗಿದೆ. ನಮ್ಮ ಬ್ಯಾಚ್‌ನಲ್ಲಿ ಮೇಲಿನ ಮೂರರಲ್ಲಿ ಒಂದು. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಕೋಡಿಂಗ್ ಶೀಟಿನ, ಅಂದರೆ ತೀರ್ಪಿನ ಸಂಗತಿಗಳನ್ನು ವಿಂಗಡಿಸಿ ತುಂಬುವ ಹಾಳೆಯ, ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಆಗಿನಿಂದ ಜೂನಿಯರ್‌ಗಳ ಮೆಸೇಜ್ ನಿಂತಿಲ್ಲ. ಅದಕ್ಕೇ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ನಾನೂ ಜೈಲಿನ ಹಿಂದೆ ಬಿದ್ದೆ. ನಮ್ಮ ಕಡೆಯ ಒಂದು ಜೈಲಿಗೆ ವಿಭಾಗದ ಸೀಲ್ ಹಾಕಿಸಿದ ಪತ್ರ ಹಿಡಿದು ಹೋದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ತನ್ನಿ ಅಂದರು. ಕಮಿಟಿಯವರು ಜೈಲಿನ ಅನುಮತಿ ಮೊದಲು ತಾ ಅಂದರು. ಹೀಗೆ ಓಡಾಡಿದ್ದರಲ್ಲಿ ಬಸ್ ಚಾರ್ಜು, ಊಟ, ಜೆರಾಕ್ಸ್ ಸೇರಿ ಎರಡು ಸಾವಿರಕ್ಕೂ ಜಾಸ್ತಿ ಹೋಯಿತು. ಸೆಮಿಸ್ಟರ್ ಅರ್ಧ ಮುಗಿದಿತ್ತು.

ಆದರೆ ಅನುಮತಿ ಸಿಕ್ಕಿದ್ದರೂ ಒಂದು ತೊಡಕು ಇದ್ದೇ ಇತ್ತು. ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಅಂಥವರ ಜೊತೆ ಅರ್ಧ ಗಂಟೆ ಕೂತು ಬಂದು 'ಅಪರಾಧಿಯ ಮನಸ್ಸು' ಅಂತ ಹೆಡಿಂಗ್ ಹಾಕುವುದು ಹೇಗೆ? ಕೇಸ್ ನಡೆಯುತ್ತಿರುವಾಗ ಅವರು ನಮ್ಮ ಹತ್ತಿರ ಬಾಯಿ ಬಿಟ್ಟರೆ ಅದು ಅವರಿಗೇ ಮುಳುವಾಗಬಹುದು. ಇದನ್ನು ಯೋಚಿಸಿದ ಮೇಲೆ ಜೈಲಿನ ಆಸೆ ಬಿಟ್ಟೆ.

ಆಮೇಲೆ ಸೈಕೋಪತಿ ಚೆಕ್‌ಲಿಸ್ಟ್ ಕಡೆ ತಿರುಗಿದೆ. ಒಬ್ಬರಲ್ಲಿ ಸೈಕೋಪತಿ, ಅಂದರೆ ಪಶ್ಚಾತ್ತಾಪ, ಅನುಕಂಪ ಇಲ್ಲದಂಥ ಸ್ವಭಾವ, ಎಷ್ಟಿದೆ ಅಂತ ಅಳೆಯುವ ರಾಬರ್ಟ್ ಹೇರ್ ಅವರ ಪಿಸಿಎಲ್-ಆರ್ ಅದು. 20 ಅಂಶ, ಒಂದೊಂದಕ್ಕೆ 0, 1 ಅಥವಾ 2, ಒಟ್ಟು 40. ಅದನ್ನು ದುಡ್ಡು ಕೊಟ್ಟು ತರಿಸಬೇಕು, ತರಬೇತಿ ಆದವರೇ ಹಾಕಬೇಕು, ಸಂದರ್ಶನದ ಜೊತೆಗೆ ಆ ವ್ಯಕ್ತಿಯ ಫೈಲೂ ಬೇಕು. ಇಷ್ಟಿದ್ದರೂ ಕೆಲವರು ಅದೇ 20 ಅಂಶಗಳನ್ನು ಗೂಗಲ್ ಫಾರಂ ಮಾಡಿ ಹಾಸ್ಟೆಲ್ ಹುಡುಗರಿಗೆ ಕಳಿಸುತ್ತಾರೆ. ದಯವಿಟ್ಟು ಅದು ಬೇಡ. ನಾನು ಬೇರೆ ಪ್ರಶ್ನೆಗಳನ್ನು ಹಾಕಿ ಒಂದು ಫಾರಂ ಓಡಿಸಿ ನೋಡಿದೆ. ನೂರರ ಹತ್ತಿರ ಉತ್ತರ ಬಂತು. ಎಲ್ಲರೂ ಸಂಭಾವಿತರೇ! ಅದರಿಂದ ಒಂದು ಸಾಲು ಬರೆಯಲೂ ಆಗಲಿಲ್ಲ.

ದಾರಿ ಸಿಕ್ಕಿದ್ದು 1964ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ದಹ್ಯಾಭಾಯಿ ಠಕ್ಕರ್ ವಿರುದ್ಧ ಗುಜರಾತ್ ಸರ್ಕಾರ. ಗಂಡ ಹೆಂಡತಿಯನ್ನು ಇರಿದು ಕೊಂದ ಕೇಸು, ಮೈಮೇಲೆ 44 ಗಾಯ. ಓದಿದ ತಕ್ಷಣ ಇವನಿಗೆ ತಲೆ ಕೆಟ್ಟಿರಬೇಕು ಅನ್ನಿಸುತ್ತದೆ, ಅಲ್ವಾ? ಕೋರ್ಟ್ ಒಪ್ಪಲಿಲ್ಲ. ಕೃತ್ಯ ನಡೆದ ಆ ಹೊತ್ತಿಗೆ ಮನಸ್ಸು ಹೇಗಿತ್ತು ಅನ್ನುವುದೇ ಮುಖ್ಯ, ಅದನ್ನು ಮುಂಚಿನ, ಆಗಿನ ಮತ್ತು ಆಮೇಲಿನ ಸಂಗತಿಗಳಿಂದ ಅಳೆಯಬೇಕು ಅಂದಿತು. ಜಡ್ಜ್ ಕೂಡ ಯಾರ ಮನಸ್ಸನ್ನೂ ಕಣ್ಣಾರೆ ಕಂಡಿಲ್ಲ. ಆದರೂ ಅವರು ತೀರ್ಮಾನ ಮಾಡಲೇಬೇಕು, ಕಾರಣ ಬರೆದೇ ಮಾಡಬೇಕು. ಆ ಕಾರಣಗಳೇ ನನ್ನ ಡೇಟಾ.

ತೀರ್ಪು ಹುಡುಕುವುದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಇಂಡಿಯನ್ ಕಾನೂನ್ ಸೈಟ್, ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್, ಹೈಕೋರ್ಟ್ ವೆಬ್‌ಸೈಟ್, ಮೂರೂ ಪುಕ್ಕಟೆ. ಮಾನಸಿಕ ಅಸ್ವಸ್ಥತೆಯಿಂದ ತಾನು ಮಾಡುವುದು ಏನು, ಅಥವಾ ಅದು ತಪ್ಪು ಅಂತ ತಿಳಿಯದೆ ಮಾಡಿದ ಕೃತ್ಯ ಅಪರಾಧವಲ್ಲ ಅನ್ನುವ ಹಳೆಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 84 ಈಗ ಹೊಸ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನಲ್ಲಿ 22 ಆಗಿದೆ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಿಗೆ ಹಳೆಯ ಕಾನೂನೇ. ಹಾಗಾಗಿ ಇನ್ನೂ ಬಹಳ ವರ್ಷ 84 ಹಾಕಿಯೇ ಹುಡುಕಬೇಕು. ಸುಮ್ನೆ ಸೆಕ್ಷನ್ ನಂಬರ್ ಹೊಡೆದರೆ ಸಾವಿರಗಟ್ಟಲೆ ಬಂದು ಬೀಳುತ್ತವೆ. ಅದರಲ್ಲಿ ಸಾಕ್ಷಿಗಳ ಮಾತು ವಿವರವಾಗಿ ಇರುವ ತೀರ್ಪುಗಳನ್ನಷ್ಟೇ ಮೇಲೆ ತರುವ ಪದಜೋಡಿ ಒಂದಿದೆ. ಅದನ್ನು ಕಂಡುಕೊಳ್ಳುವುದಕ್ಕೆ ನನಗೆ ತಿಂಗಳೇ ಹಿಡಿಯಿತು. ಅದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನೂರೈವತ್ತರ ಮೇಲೆ ತೆರೆದು ನೋಡಿದೆ, ಕೊನೆಗೆ ಉಳಿಸಿಕೊಂಡಿದ್ದು ಸುಮಾರು 60.

ಇನ್ನು ಶೀಟಿನ ವಿಷಯ. ಮುಖ್ಯವಾಗಿ ಮೂರು ಕಾಲಂ: ಮುಂಚೆ, ಆಗ, ಆಮೇಲೆ. (ನಾಲ್ಕನೆಯದೂ ಒಂದಿದೆ, ಅದನ್ನು ಮುಂದಿನ ಪೇಪರ್‌ಗೆ ಇಟ್ಟಿದ್ದೇನೆ.) ರೂಮ್‌ಮೇಟ್ ಒಬ್ಬಳನ್ನು ಎರಡನೇ ಕೋಡರ್ ಮಾಡಿಕೊಂಡೆ. ಒಂದೇ ತೀರ್ಪನ್ನು ಇಬ್ಬರೂ ಬೇರೆ ಬೇರೆ ಕೂತು ತುಂಬಿಸುವುದು. ಮೊದಲ ಸುತ್ತಿನಲ್ಲಿ ಕಪ್ಪಾ (ಇಬ್ಬರು ತುಂಬಿದ್ದು ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 0.4ರ ಆಸುಪಾಸು. ಎಲ್ಲಿ ಹೊಂದಿಕೆ ಆಗುತ್ತಿಲ್ಲ ಅಂತ ಸಾಲು ಸಾಲು ನೋಡಿದೆವು. 'ಕೊಂದ ಮೇಲೆ ಹೆಣದ ಪಕ್ಕವೇ ಕೂತಿದ್ದ' ಅಂತ ಸಾಕ್ಷಿ ಹೇಳಿದ್ದರೆ ಅವಳು 'ಅರಿವಿಲ್ಲ' ಅಂತ ಬರೆಯುತ್ತಿದ್ದಳು, ನಾನು 'ಆಘಾತ' ಅಂತ. ಇಬ್ಬರೂ ನೋಡಿಲ್ಲದ ಮನಸ್ಸಿನೊಳಗೆ ಇಣುಕುತ್ತಿದ್ದೆವು. ಆಗ ಒಂದು ನಿಯಮ ಮಾಡಿದೆವು: ಕಾಲಂನಲ್ಲಿ ಕೈಕಾಲಿನ ಕೆಲಸ ಮತ್ತು ಆಡಿದ ಮಾತು ಮಾತ್ರ ಬರಬೇಕು. ಕೂತ, ಓಡಿದ, ಕತ್ತಿ ತೊಳೆದ, ಬಾಗಿಲು ಹಾಕಿಕೊಂಡ, ನೀರು ಕೇಳಿದ. ಅದರ ಅರ್ಥ ಏನು ಅನ್ನುವುದನ್ನು ಕೋರ್ಟ್ ಹೇಳಿದ್ದರೆ ಮಾತ್ರ ಪಕ್ಕದಲ್ಲಿ ಬರೆಯುವುದು. ಇಷ್ಟಕ್ಕೇ ಕಪ್ಪಾ 0.7 ದಾಟಿತು. ಲೆಕ್ಕ ಎಲ್ಲ ಎಕ್ಸೆಲ್‌ನಲ್ಲೇ ಮಾಡಿದ್ದು, ಸಾಫ್ಟ್‌ವೇರ್ ಕೊಂಡಿಲ್ಲ.

ಈ ನಿಯಮದಿಂದಲೇ ಪೇಪರ್‌ನ ಮುಖ್ಯ ಮಾತು ಹೊರಬಂತು. ನನ್ನ ರಾಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೀರ್ಪುಗಳಲ್ಲಿ ತಕ್ಕಡಿ ವಾಲಿದ್ದು 'ಆಮೇಲೆ' ಕಾಲಂನಿಂದ. ಓಡಿಹೋದ, ಆಯುಧ ಬಚ್ಚಿಟ್ಟ ಅಂದರೆ ತಪ್ಪು ಅಂತ ಅವನಿಗೆ ಗೊತ್ತಿತ್ತು ಅನ್ನುವ ತರ್ಕ. ಹಳೆಯ ಚಿಕಿತ್ಸೆಯ ಚೀಟಿ ಇದ್ದರೂ ಅದೊಂದೇ ಸಾಕಾಗುವುದಿಲ್ಲ. ಕಾಯಿಲೆ ಇದೆ ಅನ್ನುವುದು ಬೇರೆ, ಆ ಕ್ಷಣದಲ್ಲಿ ತಿಳಿವಳಿಕೆ ಇರಲಿಲ್ಲ ಅನ್ನುವುದು ಬೇರೆ. ಬಡವರ ಮನೆಯಲ್ಲಿ ಆ ಚೀಟಿಯೂ ಇರುವುದಿಲ್ಲ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು ಅಂತ ತಾಯಿ ಹೇಳಿದ ಸಾಕ್ಷ್ಯಕ್ಕೆ ಎಷ್ಟು ತೂಕ ಸಿಗುತ್ತದೆ ಯೋಚಿಸಿ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಶಿಕ್ಷೆಯ ಹಂತದ ತೀರ್ಪುಗಳನ್ನೂ ಬಿಡಬೇಡಿ. ಸುಪ್ರೀಂ ಕೋರ್ಟಿನ 2022ರ ಮನೋಜ್ ತೀರ್ಪು ಬಂದ ಮೇಲೆ ಮರಣದಂಡನೆಯ ಕೇಸುಗಳಲ್ಲಿ ಆರೋಪಿಯ ಮಾನಸಿಕ ಪರೀಕ್ಷೆಯ ವರದಿ, ಮನೆತನ, ಓದು, ಜೈಲಿನ ನಡತೆ ಎಲ್ಲ ಕೋರ್ಟ್ ಮುಂದೆ ಬರಬೇಕು. ನಮಗೆ ಜೈಲಿನ ಬಾಗಿಲಲ್ಲಿ ಸಿಗದ ಜೀವನ ಚರಿತ್ರೆ ಅಲ್ಲಿ ಸಿಗುತ್ತದೆ. ಅದೇ ವರ್ಷದ ಬಿ.ಎ. ಉಮೇಶ್ ತೀರ್ಪನ್ನು ನಮ್ಮ ರಾಜ್ಯದವರು ಓದಲೇಬೇಕು. ಸುಮಾರು 10 ವರ್ಷ ಒಂಟಿ ಸೆಲ್‌ನಲ್ಲಿ ಇಟ್ಟಿದ್ದನ್ನು ಪರಿಗಣಿಸಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಕನಿಷ್ಠ 30 ವರ್ಷದ ಜೈಲು ಅಂದಿತು. ಅಪರಾಧಿ ಮನಸ್ಸು ಅಂದರೆ ಅಪರಾಧಕ್ಕೆ ಮುಂಚಿನದ್ದು ಮಾತ್ರ ಅಂದುಕೊಂಡಿರುತ್ತೇವೆ. ಜೈಲು ಆ ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದೂ ಅದರ ಭಾಗವೇ.

ನಿಮ್ಹಾನ್ಸ್‌ನವರು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಮಾಡಿದ ಅಧ್ಯಯನವನ್ನು ಎಲ್ಲರೂ ಕೋಟ್ ಮಾಡುತ್ತಾರೆ. ಐದು ಸಾವಿರಕ್ಕೂ ಸ್ವಲ್ಪ ಜಾಸ್ತಿ ಕೈದಿಗಳು, ಅದರಲ್ಲಿ ಸುಮಾರು ಶೇ. 80 ಮಂದಿಗೆ ಮಾನಸಿಕ ತೊಂದರೆ ಅಂತ ಬರೆದು ಮುಂದೆ ಹೋಗುತ್ತಾರೆ. ಆ 80ರಲ್ಲಿ ಕುಡಿತ, ತಂಬಾಕಿನಂಥ ಚಟಗಳೂ ಸೇರಿವೆ. ಅದನ್ನು ತೆಗೆದರೆ ಉಳಿಯುವುದು ಸುಮಾರು ಶೇ. 28. ಅಪರಾಧ ಅಂದರೆ ಹುಚ್ಚು ಅಂತ ಸಾಧಿಸಲು ಈ ಅಂಕಿಯನ್ನು ಬಳಸಬೇಡಿ. ವೈವಾದಲ್ಲಿ ನನಗೆ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಈ ಪ್ಯಾರಾಕ್ಕೆ.

ಮಧ್ಯೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಹುಟ್ಟು ಅಪರಾಧಿಯನ್ನು ಮುಖಲಕ್ಷಣದಿಂದ ಹಿಡಿಯಬಹುದು ಅಂತ 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ಹೇಳಿದ್ದು ಸತ್ತ ಸಿದ್ಧಾಂತ ಅಂತ ಪಾಠದಲ್ಲಿ ಓದುತ್ತೇವೆ. ಸತ್ತಿದೆಯಾ ನೋಡೋಣ ಅಂತ ನಮ್ಮ ನೆಂಟರಿಷ್ಟರದೇ ಹತ್ತು ಹನ್ನೆರಡು ಫೋಟೊಗಳನ್ನು ಅವರನ್ನು ಕೇಳಿಯೇ ತೆಗೆದುಕೊಂಡೆ. ಇವರಲ್ಲಿ ಕೆಲವರು ಶಿಕ್ಷೆ ಆದವರು, ಗುರುತಿಸಿ ಅಂತ ಜೂನಿಯರ್‌ಗಳಿಗೆ ಕೊಟ್ಟೆ. ಖಾಲಿ ಬಿಟ್ಟವರು ಒಬ್ಬಿಬ್ಬರು ಇರಬಹುದು, ಅಷ್ಟೇ. ದಪ್ಪ ಹುಬ್ಬಿನ ನಮ್ಮ ಸೋದರಮಾವನಿಗೆ ಎಲ್ಲರಿಗಿಂತ ಜಾಸ್ತಿ ಟಿಕ್. ಆಮೇಲೆ ಎಲ್ಲರಿಗೂ ನಿಜ ಹೇಳಿದೆ. ಪೇಪರ್‌ನಲ್ಲಿ ಇದಕ್ಕೆ ಒಂದು ಅಡಿಟಿಪ್ಪಣಿ ಮಾತ್ರ ಕೊಟ್ಟಿದ್ದೇನೆ. ಔಷಧ ಕೊಟ್ಟು ಬಾಯಿ ಬಿಡಿಸುವ ನಾರ್ಕೊ ಪರೀಕ್ಷೆಯ ಮೇಲೆ ಒಂದು ಅಧ್ಯಾಯ ಇತ್ತು, ಸುಪ್ರೀಂ ಕೋರ್ಟಿನ 2010ರ ಸೆಲ್ವಿ ತೀರ್ಪು ಬಂದ ಮೇಲೆ ಒಪ್ಪಿಗೆ ಇಲ್ಲದೆ ಅದು ನಡೆಯುವುದಿಲ್ಲವಲ್ಲ, ಅದನ್ನು ಎರಡು ಪುಟಕ್ಕೆ ಇಳಿಸಿದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಜೈಲಿನ ಓಡಾಟ ಬಿಟ್ಟರೆ ಪ್ರಿಂಟ್, ಬೈಂಡಿಂಗ್, ಪ್ಲೇಜಿಯರಿಸಂ ಚೆಕ್ ಸೇರಿ ಸಾವಿರದೈನೂರರ ಒಳಗೆ ಮುಗಿಯಿತು. ಒಂದು ಜರ್ನಲ್‌ನವರು ಮೂರೂವರೆ ಸಾವಿರ ಕೊಡಿ, ವಾರದಲ್ಲಿ ಹಾಕುತ್ತೇವೆ ಅಂದರು. ವಾರದಲ್ಲಿ ಯಾರು ಓದಿ ರಿವ್ಯೂ ಮಾಡುತ್ತಾರೆ? ಕೊಡಲಿಲ್ಲ. ಫೀಸ್ ಇಲ್ಲದ ಕಡೆ ಕಳಿಸಿದ್ದೇನೆ, ತಿದ್ದುಪಡಿ ಕೇಳಿದ್ದಾರೆ.

ಒಂದು ಎಚ್ಚರಿಕೆ. ಅತ್ಯಾಚಾರದ ಕೇಸಿದ್ದರೆ ಸಂತ್ರಸ್ತೆಯ ಗುರುತು ಸಿಗುವಂಥದ್ದು ಏನೂ ಪೇಪರ್‌ನಲ್ಲಿ ಬರಬಾರದು, ಊರಿನ ಹೆಸರೂ ಬೇಡ. ಹಳೆಯ ತೀರ್ಪುಗಳಲ್ಲಿ ಹೆಸರು ಹಾಗೇ ಉಳಿದಿರುತ್ತದೆ, ಕಾಪಿ ಮಾಡುವಾಗ ನೋಡಿಕೊಳ್ಳಿ.

ಈಗ ಜಿಲ್ಲಾ ಕೋರ್ಟ್‌ಗಳ ತೀರ್ಪು ಇಳಿಸಿಕೊಳ್ಳುತ್ತಿದ್ದೇನೆ. ಸಾಕ್ಷಿಗಳು ಏನು ಹೇಳಿದರು ಅನ್ನುವುದು ಅಲ್ಲಿ ಹೈಕೋರ್ಟಿನದಕ್ಕಿಂತ ವಿವರವಾಗಿ ಸಿಗುತ್ತದೆ. ರೂಮ್‌ಮೇಟ್‌ಗೆ ಕೆಲಸ ಸಿಕ್ಕಿ ಊರಿಗೆ ಹೋದಳು. ಎರಡನೇ ಕೋಡರ್ ಆಗಿ ಕೂರುವ ತಾಳ್ಮೆ ಇರುವವರು ಯಾರಾದರೂ ಇದ್ದರೆ ಹೇಳಿ, ಆ ಪದಜೋಡಿ ಅವರಿಗೆ ಕೊಡುತ್ತೇನೆ.