ಪುಟಾಣಿ ಅಲಂಕಾರಿಕ ಕೋಳಿ: ಮೊದಲು ಗೂಡು, ಆಮೇಲೆ ಹಕ್ಕಿ

ಬ್ಯಾಂಟಮ್ ಕೋಳಿ ನೋಡಿದ ಮೇಲೆ ಆಸೆಯಾಗದೆ ಇರುವುದು ಕಷ್ಟ. ಗಾತ್ರ ನೋಡಿದರೆ ಸಾಮಾನ್ಯ ಕೋಳಿಯ ಕಾಲು ಭಾಗ, ಜಂಬ ಮಾತ್ರ ಅದರ ನಾಲ್ಕರಷ್ಟು. ಆಸೆಯಾದ ದಿನವೇ ಜನ ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಹಕ್ಕಿ ತಂದುಬಿಡುತ್ತಾರೆ. ಗೂಡು ನಾಳೆ ಮಾಡಿದರಾಯಿತು ಅಂದುಕೊಳ್ಳುತ್ತಾರೆ. ಅವಸರದಲ್ಲಿ ಕಟ್ಟಿದ ಗೂಡಿಗೆ ಒಂದು ರಾತ್ರಿ ಏನೋ ನುಗ್ಗುತ್ತದೆ, ಬೆಳಿಗ್ಗೆ ಬರೀ ಪುಕ್ಕ ಸಿಗುತ್ತದೆ. ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಹಾಗಾಗಿ ಈ ಲೇಖನದಲ್ಲಿ ಗೂಡಿನ ಮಾತೇ ಜಾಸ್ತಿ ಇದೆ.

1. ಸಾಕಬಹುದೇ ಅಂತ ಕೇಳಿಕೊಳ್ಳಿ

ನೀವಿರುವ ಕಡೆ ಕೋಳಿ ಸಾಕಲು ಅನುಮತಿ ಇದೆಯೇ, ಪಕ್ಕದ ಮನೆಯವರು ಏನನ್ನುತ್ತಾರೆ, ಎರಡನ್ನೂ ಮೊದಲೇ ವಿಚಾರಿಸಿ. ಚೆನ್ನಾಗಿ ನೋಡಿಕೊಂಡರೆ ಇವು ಆರರಿಂದ ಎಂಟು ವರ್ಷ ಬದುಕುತ್ತವೆ. ಅಷ್ಟೇ.

2. ತಳಿ ಆರಿಸಿ

ಹೊಸಬರಿಗೆ ನಾನು ಹೇಳುವುದು ಎರಡೇ ಹೆಸರು: ಸಿಲ್ಕಿ ಅಥವಾ ಕೊಚಿನ್ ಬ್ಯಾಂಟಮ್. ಎರಡೂ ಸಾಧು. ಹಾರುವ ಚಟವಿಲ್ಲ, ಮಡಿಲಲ್ಲಿ ಕೂರಿಸಿಕೊಂಡರೆ ಕೂರುತ್ತವೆ. ಸಿಲ್ಕಿಯ ಗರಿಗಳ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಮೈಯೆಲ್ಲ ಹತ್ತಿ ಅಂಟಿಸಿದಂತೆ ಕಾಣುತ್ತದೆ. ಗರಿ ಎತ್ತಿ ನೋಡಿದರೆ ಒಳಗೆ ಚರ್ಮ ಕಪ್ಪು. ಕಾಲಿಗೆ ನಾಲ್ಕರ ಬದಲು ಐದು ಬೆರಳು. ಚಂದವೇನೋ ಚಂದ, ಆದರೆ ಆ ಗರಿ ನೀರು ತಡೆಯುವುದಿಲ್ಲ. ಮಳೆಯಲ್ಲಿ ನೆನೆದರೆ ತೊಪ್ಪೆಯಾಗಿ ನಡುಗುತ್ತದೆ. ಕೊಚಿನ್‌ಗೆ ಕಾಲಿನ ತುಂಬ ಗರಿ, ಕೆಸರಿದ್ದರೆ ಅದರಲ್ಲೆಲ್ಲ ಗಂಟು. ಒಟ್ಟಿನಲ್ಲಿ ಎರಡಕ್ಕೂ ಒಣ ನೆಲ ಬೇಕು.

ಸೆಬ್ರೈಟ್ ನೋಡಿ ಮರುಳಾಗುವವರು ಬಹಳ. ಪ್ರತಿ ಗರಿಯ ಅಂಚಿಗೂ ಕಪ್ಪು ಗೆರೆ ಎಳೆದ ಹಕ್ಕಿ ಅದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸರ್ ಜಾನ್ ಸೆಬ್ರೈಟ್ ಬೆಳೆಸಿದ ತಳಿ. ಆದರೆ ಅದು ಚುರುಕು, ಚೆನ್ನಾಗಿ ಹಾರುತ್ತದೆ, ಕೈಗೆ ಸುಲಭಕ್ಕೆ ಸಿಗುವುದಿಲ್ಲ, ರೋಗಕ್ಕೂ ಬೇಗ ಬಗ್ಗುತ್ತದೆ. ಮೊದಲ ಕೋಳಿಯಾಗಿ ಬೇಡವೇ ಬೇಡ. ಮಲೇಷ್ಯಾದ ಸೆರಾಮ ಅರ್ಧ ಕಿಲೋ ಕೂಡ ತೂಗುವುದಿಲ್ಲ, ಚಳಿ ತಡೆಯುವುದಿಲ್ಲ. ಗಿಡ್ಡ ಕಾಲಿನ ಜಪಾನೀಸ್ ಬ್ಯಾಂಟಮ್ ತಂದು ಮರಿ ಮಾಡಿಸುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಲಿ. ಗಿಡ್ಡ ಕಾಲಿನ ಎರಡು ಹಕ್ಕಿಗಳನ್ನು ಜೋಡಿ ಮಾಡಿದರೆ ಸರಾಸರಿ ಕಾಲು ಭಾಗ ಮೊಟ್ಟೆಗಳಲ್ಲಿ ಭ್ರೂಣ ಒಳಗೇ ಸಾಯುತ್ತದೆ. ಕಾಲು ಗಿಡ್ಡ ಮಾಡುವ ಗುಣ ಎರಡೂ ಕಡೆಯಿಂದ ಬಂದರೆ ಭ್ರೂಣ ಉಳಿಯುವುದಿಲ್ಲ. ತಪ್ಪು ನಿಮ್ಮದೂ ಅಲ್ಲ, ಕಾವು ಕೂತ ಕೋಳಿಯದೂ ಅಲ್ಲ.

3. ಗೂಡು ಕಟ್ಟಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕೋಳಿ ಜಾಲರಿ ಅಂತ ಮಾರುವ, ಆರು ಮೂಲೆಯ ಕಣ್ಣುಗಳ ತೆಳು ತಂತಿ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ಹೊರಗಿನದು ಒಳಗೆ ಬರದಂತೆ ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ಇಲಿ, ಹಾವಿಗೆ ಆ ಕಣ್ಣುಗಳು ಬಾಗಿಲಿದ್ದ ಹಾಗೆ. ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸೆದ ಗಟ್ಟಿ ತಂತಿ ಬಲೆ, ತನ್ನಿ. ದುಡ್ಡು ಜಾಸ್ತಿ ಆಗುತ್ತದೆ, ಆಗಲಿ. ಬೇರೆ ಯಾವುದರಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಮೆಶ್ ಅನ್ನು ಮರದ ಚೌಕಟ್ಟಿನ ಹೊರಗಡೆಯಿಂದ ಬಡಿಯಿರಿ. ಒಳಗಡೆಯಿಂದ ಹೊಡೆದರೆ ನೋಡಲು ನೀಟಾಗಿರುತ್ತದೆ, ಆದರೆ ಹೊರಗಿನಿಂದ ನಾಯಿ ತಳ್ಳಿದಾಗ ಮೊಳೆಗಳು ಒಂದೊಂದಾಗಿ ಕಿತ್ತು ಬರುತ್ತವೆ. ಹೊರಗಿದ್ದರೆ ತಳ್ಳಿದಷ್ಟೂ ಮೆಶ್ ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಸ್ಟೇಪಲ್ ಗನ್ ಪಿನ್ನುಗಳನ್ನು ನಂಬಬೇಡಿ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ.

ಆಮೇಲೆ ನೆಲ. ಬೇಟೆಗೆ ಬರುವ ಪ್ರಾಣಿ ಗೋಡೆ ಹತ್ತುವುದಕ್ಕಿಂತ ಬುಡ ಕೆರೆಯುವುದೇ ಹೆಚ್ಚು. ಗೂಡಿಗೆ ಸೇರಿಸಿ ಕೋಳಿ ಓಡಾಡಲು ಕಟ್ಟಿದ ಅಂಗಳದ ಸುತ್ತ ಮೆಶ್ ಅನ್ನು ಬುಡದಲ್ಲಿ ಹೊರಕ್ಕೆ ಮಡಚಿ, ಒಂದೂವರೆ ಎರಡು ಅಡಿ ಅಗಲಕ್ಕೆ ನೆಲದ ಮೇಲೆ ಹಾಸಿ, ಮೇಲೆ ಮಣ್ಣು ಮುಚ್ಚಿ. ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ ಕೆರೆಯುವಷ್ಟು ಅದು ಯೋಚಿಸುವುದಿಲ್ಲ. ಅಂಗಳಕ್ಕೆ ಮೇಲಿನಿಂದಲೂ ಮೆಶ್ ಬೇಕು. ಹದ್ದು, ಬೆಕ್ಕು ಎರಡಕ್ಕೂ ಬ್ಯಾಂಟಮ್ ಸರಿಯಾದ ಅಳತೆಯ ತುತ್ತು.

ಕಟ್ಟಿ ಮುಗಿದ ಮೇಲೆ ನಿಮ್ಮ ಹೆಬ್ಬೆರಳು ಹಿಡಿದುಕೊಂಡು ಗೂಡಿನ ಸುತ್ತ ಒಂದು ಸುತ್ತು ಬನ್ನಿ. ಬಾಗಿಲಿನ ಕೆಳಗೆ, ಸೂರು ಗೋಡೆ ಸೇರುವಲ್ಲಿ, ಮೂಲೆಗಳಲ್ಲಿ. ಹೆಬ್ಬೆರಳು ತೂರಿದ ಕಡೆ ಇಲಿಯೂ ತೂರುತ್ತದೆ. ಅಲ್ಲೆಲ್ಲ ಮೆಶ್ ತುಂಡು ಹೊಡೆಯಿರಿ. ಬಾಗಿಲಿಗೆ ಎತ್ತಿ ಎಳೆಯಬೇಕಾದ ಚಿಲಕ ಹಾಕಿ. ಬರೀ ಕೊಕ್ಕೆಯಾದರೆ ನಾಯಿ ಮೂತಿಯಲ್ಲೇ ತೆಗೆದುಬಿಡುತ್ತದೆ.

ಇಷ್ಟೆಲ್ಲ ಭದ್ರ ಮಾಡಿದ ಹುಮ್ಮಸ್ಸಿನಲ್ಲಿ ಗಾಳಿಯನ್ನೂ ಮುಚ್ಚಿಬಿಡುತ್ತಾರೆ ಕೆಲವರು. ಕೋಳಿಗೆ ಚಳಿಗಿಂತ ಉಸಿರುಗಟ್ಟಿದ ತೇವವೇ ಹೆಚ್ಚು ಕೆಟ್ಟದ್ದು. ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಶ್ವಾಸಕೋಶ ಹಾಳಾಗುತ್ತದೆ. ಕೂತ ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಗೋಡೆಗಳಲ್ಲಿ, ಮೆಶ್ ಹೊಡೆದ ಕಿಂಡಿ ಇರಲಿ. ಗಾಳಿ ನೆತ್ತಿಯ ಮೇಲೆ ಹಾದುಹೋಗಬೇಕು, ಮೈಗೆ ಬಡಿಯಬಾರದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ತಲೆ ಬಗ್ಗಿಸಿ ಕೋಳಿ ಕೂರುವ ಎತ್ತರದಲ್ಲಿ ಉಸಿರೆಳೆಯಿರಿ. ಮೂಗು ಚುರುಗುಟ್ಟಿದರೆ ಕಿಂಡಿ ಸಾಲದು.

ಜಾಗದ ಲೆಕ್ಕ: ಮಲಗುವ ಗೂಡಿನಲ್ಲಿ ಹಕ್ಕಿಗೆ ಎರಡು ಚದರ ಅಡಿ, ಅಂಗಳದಲ್ಲಿ ಕನಿಷ್ಠ ನಾಲ್ಕೈದು ಚದರ ಅಡಿ. ಕೂರುವ ಕೋಲು ಒಂದೂವರೆ ಇಂಚು ದಪ್ಪ, ಅಂಚು ಉಜ್ಜಿದ ಮರದ್ದು. ನುಣ್ಣನೆಯ ಪ್ಲಾಸ್ಟಿಕ್ ಪೈಪ್ ಬೇಡ. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ಸಿಲ್ಕಿ ಹಾರುವುದಿಲ್ಲ. ಅದಕ್ಕೆ ಒಂದಡಿ ಎತ್ತರ ಸಾಕು, ಪೆಟ್ಟಿಗೆಯನ್ನು ನೆಲದ ಮೇಲೇ ಇಡಿ.

ಪೆಟ್ಟಿಗೆಯಲ್ಲಿ ಬರುವ, ಬಿಚ್ಚಿ ಜೋಡಿಸುವ ರೆಡಿಮೇಡ್ ಗೂಡುಗಳ ಬಗ್ಗೆ ಕೇಳುತ್ತೀರಿ, ಅಲ್ವಾ? 'ಆರು ಕೋಳಿಗೆ' ಅಂತ ಬರೆದಿದ್ದರೆ ಎರಡು ಬ್ಯಾಂಟಮ್‌ಗೆ ಅಂತ ಓದಿಕೊಳ್ಳಿ. ಹಲಗೆ ತೆಳು, ಚಿಲಕ ಆಟಿಕೆಯದು. ಅದನ್ನು ರಿಪೇರಿ ಮಾಡುವ ಹೊತ್ತಿಗೆ ಹೊಸದನ್ನೇ ಕಟ್ಟಬಹುದು.

4. ಹಕ್ಕಿ ತನ್ನಿ

ಮರಿ ತರಬೇಡಿ. ಮುದ್ದಾಗಿರುತ್ತವೆ ನಿಜ. ಆದರೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು, ನೀರಿನ ತಟ್ಟೆಯಲ್ಲಿ ಮುಳುಗದಂತೆ ಬೆಣಚುಕಲ್ಲು ಹಾಕಬೇಕು. ಅದಕ್ಕಿಂತ ದೊಡ್ಡ ತಲೆನೋವು ಗಂಡೋ ಹೆಣ್ಣೋ ಎನ್ನುವುದು. ಸಿಲ್ಕಿಯಲ್ಲಿ ನಾಲ್ಕೈದು ತಿಂಗಳವರೆಗೂ ಪಳಗಿದವರೇ ಎಡವುತ್ತಾರೆ. 'ಎಲ್ಲ ಹೆಣ್ಣೇ, ಗ್ಯಾರಂಟಿ' ಅಂದವನ ಮಾತು ನಂಬಿ ಮೂರು ಮರಿ ಒಯ್ದರೆ, ಮೂರೂ ಒಂದು ದಿನ ಕತ್ತು ಚಾಚಿ ಕೂಗಬಹುದು. ಬಣ್ಣ ಅದ್ದಿದ ಮರಿಗಳನ್ನಂತೂ ಮುಟ್ಟಲೇಬೇಡಿ.

ಐದಾರು ತಿಂಗಳಾದ ಮೂರು ಹೇಂಟೆ ತನ್ನಿ. ಒಂದೇ ಕೋಳಿ ಸಾಕುವುದು ಅದಕ್ಕೆ ಹಿಂಸೆ. ಎರಡಿದ್ದು ಒಂದು ಸತ್ತರೆ ಮತ್ತೆ ಅದೇ ಕಥೆ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿಗೆ ಮಾತ್ರ ಬೇಕು. ಬ್ಯಾಂಟಮ್ ಹುಂಜದ ಕೂಗು ಸಣ್ಣದೇನಲ್ಲ, ಕೀರಲು. ಅದನ್ನು ನಿಲ್ಲಿಸುವ ಉಪಾಯ ಯಾವುದೂ ಇಲ್ಲ.

ಕೊಳ್ಳುವಾಗ ಕಣ್ಣು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು, ಬಾಲದ ಕೆಳಗಿನ ಗರಿ ಶುಭ್ರವಾಗಿರಬೇಕು. ಮ್ಯಾರೆಕ್ಸ್ ಮತ್ತು ರಾಣಿಖೇತ್ ಎಂಬ ಎರಡು ಕೋಳಿ ರೋಗಗಳಿಗೆ ಲಸಿಕೆ ಆಗಿದೆಯೇ ಕೇಳಿ.

5. ಗೂಡಿಗೆ ಬಿಡಿ

ಸಂಜೆ ಕತ್ತಲಾಗುವ ಹೊತ್ತಿಗೆ ನೇರ ಗೂಡಿನೊಳಗೆ ಬಿಡಿ. ನಾಲ್ಕೈದು ದಿನ ಗೂಡು ಮತ್ತು ಮುಚ್ಚಿದ ಅಂಗಳ ಬಿಟ್ಟು ಹೊರಗೆ ಬಿಡಬೇಡಿ. ಇದೇ ಮನೆ ಅಂತ ಅವಕ್ಕೆ ಗೊತ್ತಾದ ಮೇಲೆ ಕತ್ತಲಾದರೆ ತಾವಾಗಿಯೇ ಬರುತ್ತವೆ. ಮುಂದೆ ಹೊಸ ಹಕ್ಕಿ ಸೇರಿಸುವುದಾದರೆ ಒಂದು ತಿಂಗಳು ದೂರ ಇಟ್ಟು, ಒಂದು ವಾರ ಮೆಶ್‌ನ ಆಚೆಈಚೆ ಇಟ್ಟು, ಆಮೇಲೆ ಬೆರೆಸಿ. ಆ ತಿಂಗಳಿಡೀ ಹಳೆಯವಕ್ಕೆ ಮೊದಲು ಕಾಳು, ಹೊಸವಕ್ಕೆ ಕೊನೆಗೆ.

6. ತಿನ್ನಿಸಿ

ಮೊಟ್ಟೆ ಇಡುವ ಕೋಳಿಗೆ ಲೇಯರ್ ಫೀಡ್ (ಅವಕ್ಕೆಂದೇ ಮಾರುವ ಸಿದ್ಧ ಆಹಾರ), ದಿನಕ್ಕೆ ಹಕ್ಕಿಗೆ 50 ಗ್ರಾಂ ಆಸುಪಾಸು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಹಾಗಾಗಿ ಇನ್ನೂ ಬೆಳೆಯುತ್ತಿರುವ ಹಕ್ಕಿಗೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಕಾಳುಕಡ್ಡಿ, ಸೊಪ್ಪು ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಬೇಯಿಸದ ಒಣ ಬೀನ್ಸ್, ಬೆಣ್ಣೆಹಣ್ಣಿನ ಸಿಪ್ಪೆ, ಚಾಕೊಲೇಟ್ ವಿಷ. ಕಲ್ಲುಪುಡಿ ಒಂದು ಬಟ್ಟಲಲ್ಲಿ, ಚಿಪ್ಪಿನ ಪುಡಿ ಇನ್ನೊಂದರಲ್ಲಿ ಇಡಿ. ನೀರು ದಿನಾ ಬದಲಿಸಿ. ಕೋಳಿ ಬೆವರುವುದಿಲ್ಲ. ಸೆಕೆಯಲ್ಲಿ ಬಾಯಿ ತೆರೆದು ತೇಕುತ್ತಾ ರೆಕ್ಕೆ ಅಗಲಿಸಿ ನಿಂತರೆ ನೆರಳು, ತಣ್ಣೀರು ತಕ್ಷಣ ಬೇಕು.

ಪೊಟ್ಟಣದಲ್ಲಿ ಬರುವ 'ಇಮ್ಯುನಿಟಿ ಪುಡಿ'ಗಳಿಗೆ ದುಡ್ಡು ಸುರಿಯಬೇಡಿ.

7. ವಾರಕ್ಕೊಮ್ಮೆ ಮೈ ನೋಡಿ

ರಾತ್ರಿ ಟಾರ್ಚ್ ಹಿಡಿದು ಹೋಗಿ, ಹಗಲು ಅಟ್ಟಾಡಿಸಿ ಹಿಡಿಯಬೇಡಿ. ಕೋಲಿನ ಮೇಲೆ ಮಂಪರಿನಲ್ಲಿರುವ ಕೋಳಿಯ ಎದೆಯಡಿಗೆ ಅಂಗೈ ತೂರಿಸಿ, ಕಾಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ರೆಕ್ಕೆ ಅಮುಕಿ ಎತ್ತಿಕೊಳ್ಳಿ. ಬಾಲದ ಕೆಳಗೆ ಗರಿ ಸರಿಸಿ ಊದಿ. ಗರಿಯ ಬುಡದಲ್ಲಿ ಬಿಳಿ ಸಕ್ಕರೆಯ ಗಂಟಿನಂತೆ ಅಂಟಿಕೊಂಡಿದ್ದರೆ ಅದು ಹೇನಿನ ಮೊಟ್ಟೆ. ಎದೆಮೂಳೆ ಕತ್ತಿಯಂತೆ ಚುಚ್ಚಿದರೆ ಹಕ್ಕಿ ಸೊರಗಿದೆ. ಕಾಲಿನ ಹುರುಪೆ ಎದ್ದಿದ್ದರೆ ನುಸಿ. ವ್ಯಾಸಲಿನ್ ದಪ್ಪಗೆ ಹಚ್ಚಿ, ವಾರಕ್ಕೆ ಎರಡು ಮೂರು ಸಲ.

ಕೆಂಪು ನುಸಿ ಹಗಲು ಹಕ್ಕಿಯ ಮೈಮೇಲೆ ಇರುವುದೇ ಇಲ್ಲ, ಕೋಲಿನ ಬಿರುಕಲ್ಲಿ ಅಡಗಿರುತ್ತದೆ. ಬಿಳಿ ಟಿಶ್ಯೂ ಕಾಗದವನ್ನು ಕೋಲಿನ ಅಡಿಭಾಗಕ್ಕೆ ಒತ್ತಿ ಎಳೆಯಿರಿ. ರಕ್ತದ ಗೀರು ಬಿದ್ದರೆ ಗೂಡು ಪೂರ್ತಿ ಖಾಲಿ ಮಾಡಿ ತೊಳೆಯುವ ಕೆಲಸ ಇದೆ.

ಒಣ ಮಣ್ಣು, ಮರಳು, ಬೂದಿ ಬೆರೆಸಿದ ಒಂದು ತೊಟ್ಟಿ ಇಟ್ಟರೆ ಅವೇ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತವೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಇಲ್ಲವೇ ಹಕ್ಕಿ ಗರಿ ಉಬ್ಬಿಸಿ ಕಣ್ಣು ಮುಚ್ಚಿ ಮೂಲೆ ಸೇರಿದರೆ ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಕೋಳಿ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು ಮೂತಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಸೋಂಕು ಹಾಗೇ ಬರುವುದು.

8. ಮೊಟ್ಟೆ ಮತ್ತು ಕಾವು

ಸಿಲ್ಕಿ, ಕೊಚಿನ್ ಎರಡಕ್ಕೂ ಕಾವಿನ ಹುಚ್ಚು. ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮೊಟ್ಟೆ ಇರಲಿ ಬಿಡಲಿ, ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಕೂತು ಗುರುಗುಟ್ಟುತ್ತವೆ. ಊಟ ನೀರು ಮರೆತು ಸೊರಗುತ್ತವೆ. ಮರಿ ಬೇಡವಾದರೆ ಬೇಗ ಎಬ್ಬಿಸಿ. ತಂತಿ ತಳದ ಪಂಜರವನ್ನು ನೆಲದಿಂದ ಎತ್ತರಿಸಿ, ಹುಲ್ಲು ಹಾಸದೆ, ಕಾಳು ನೀರು ಇಟ್ಟು ಮೂರು ದಿನ ಅದರಲ್ಲಿಡಿ. ಹೊಟ್ಟೆಯಡಿ ಗಾಳಿಯಾಡಿ ತಣ್ಣಗಾದರೆ ಕಾವು ಇಳಿಯುತ್ತದೆ. ನೀರಲ್ಲಿ ಅದ್ದಿ ತೆಗೆಯುವ ಹಳೆಯ ಉಪಾಯ ಬೇಡ, ಸಿಲ್ಕಿಗಂತೂ ಖಂಡಿತ ಬೇಡ.

ವರ್ಷಕ್ಕೊಮ್ಮೆ ಗರಿ ಉದುರಿ ಬೋಳಾಗುತ್ತವೆ, ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ. ಇದು ರೋಗವಲ್ಲ. ಹೊಸ ಗರಿ ಮೊಳೆಯುವಾಗ ಅದರ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ಆ ಅವಧಿಯಲ್ಲಿ ಎತ್ತಿ ಮುದ್ದಾಡುವುದನ್ನು ಕಡಿಮೆ ಮಾಡಿ, ಪ್ರೋಟೀನ್ ಸ್ವಲ್ಪ ಹೆಚ್ಚಿಸಿ.